ಬೇಲಿಯ ಮೇಲಿನ ಬೆಕ್ಕು, ಟ್ಯಾಂಕಿನ ಮೇಲಿನ ಹೆಸರು: ಹೋಬೋಗಳು ನಿಜಕ್ಕೂ ಏನು ಬರೆದಿಟ್ಟು ಹೋದರು?

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಶಾಲೆಯ ಪ್ರಾಜೆಕ್ಟಿಗೆ ‘ಹೋಬೋ ಚಿಹ್ನೆಗಳು’ ಅಂತ ಒಂದು ಚಾರ್ಟ್ ಮಾಡಿದ್ದಾಳೆ. ಹಿಂದೆ ಅಮೆರಿಕದಲ್ಲಿ ಗೂಡ್ಸ್ ರೈಲು ಹತ್ತಿ ಊರೂರು ಅಲೆಯುತ್ತಿದ್ದವರು ಮನೆಗಳ ಬೇಲಿ, ಗೇಟುಗಳ ಮೇಲೆ ಸೀಮೆಸುಣ್ಣದಲ್ಲಿ ಗುಟ್ಟಿನ ಚಿಹ್ನೆ ಬರೆಯುತ್ತಿದ್ದರಂತೆ. ಬೆಕ್ಕು ಇದ್ದರೆ ಕರುಣೆಯುಳ್ಳ ಹೆಂಗಸಿನ ಮನೆ, ಶಿಲುಬೆ ಇದ್ದರೆ ದೇವರ ಮಾತಾಡಿದರೆ ಊಟ ಸಿಗುತ್ತದೆ, ಹೀಗೆ. ಇದೆಲ್ಲ ನಿಜವೇ? ಇನ್ನೊಂದು ವಿಷಯ. ಹೋದ ವಾರ ನಮ್ಮ ಗೇಟಿನ ಪಕ್ಕದ ಗೋಡೆಯಲ್ಲಿ ಯಾರೋ ಸೀಮೆಸುಣ್ಣದಿಂದ ಇಂಗ್ಲಿಷಿನ ‘ಪಿ’ ಅಕ್ಷರ, ಕೆಲವು ಅಂಕಿ, ಒಂದು ಬಾಣ ಬರೆದು ಹೋಗಿದ್ದಾರೆ. ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ‘ಕಳ್ಳರ ಸಂಕೇತಗಳು’ ಅಂತ ಒಂದು ಪಟ್ಟಿ ಓಡಾಡುತ್ತಿದೆ, ಅದರಲ್ಲೂ ಬಾಣ ಇದೆ. ಮನೆಯಲ್ಲಿ ಎಲ್ಲರಿಗೂ ಭಯ. ಏನು ಮಾಡಲಿ?
ಹಾಸನದ ಓದುಗರು

ಉತ್ತರ: ಮೊದಲು ಗೇಟಿನ ಮಾತು ಮುಗಿಸೋಣ, ನಿದ್ದೆ ಕೆಡಿಸಿರುವುದು ಅದೇ ಅಲ್ಲವೆ. ‘ಪಿ’ ಅಕ್ಷರ, ಅಂಕಿ, ಬಾಣ ಮೂರೂ ಒಟ್ಟಿಗೆ ಇವೆ ಅಂದರೆ ಅದು ಬಹುಮಟ್ಟಿಗೆ ಪಲ್ಸ್ ಪೋಲಿಯೊ ತಂಡದವರ ಗುರುತು. ಭಾನುವಾರ ಬೂತಿನಲ್ಲಿ ಹನಿ ಹಾಕಿ ಮುಗಿದ ಮೇಲೆ, ಮುಂದಿನ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಮನೆ ಮನೆಗೆ ಬರುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಹನಿ ಬಾಕಿ ಇಲ್ಲದ ಮನೆಗೆ ‘ಪಿ’, ಮತ್ತೆ ಬರಬೇಕಾದ ಮನೆಗೆ ಗುಣಾಕಾರದ ಗುರುತು. ಜೊತೆಗೆ ತಂಡದ ಸಂಖ್ಯೆ, ಮನೆಯ ಸಂಖ್ಯೆ, ತಾರೀಕು. ಬಾಣವು ತಂಡ ಮುಂದೆ ಯಾವ ಕಡೆಗೆ ಹೋಯಿತು ಎಂದು ತೋರಿಸುತ್ತದೆ. ಹಿಂದಿನಿಂದ ಬರುವ ಮೇಲ್ವಿಚಾರಕರು ಯಾವ ಮನೆ ಬಿಟ್ಟುಹೋಗಿದೆ ಎಂದು ಗೋಡೆಗಳನ್ನೇ ಓದಿಕೊಂಡು ಕಂಡುಹಿಡಿಯುತ್ತಾರೆ. ದೇಶದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆ ಕೆಲಸದಲ್ಲಿ ಈ ಸೀಮೆಸುಣ್ಣದ ಪಾಲು ಸಣ್ಣದಲ್ಲ. ಹಾಗಾಗಿ ಅಳಿಸುವ ಮೊದಲು ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಒಂದು ಮಾತು ಕೇಳಿ. ಪಕ್ಕದ ನಾಲ್ಕು ಮನೆಗಳ ಗೋಡೆಯನ್ನೂ ನೋಡಿ. ಸಾಲಾಗಿ ಎಲ್ಲ ಕಡೆ ಇದ್ದರೆ ಅನುಮಾನವೇ ಬೇಡ. ನಿಮ್ಮ ಮನೆಗೆ ಮಾತ್ರ ಇದ್ದು, ಯಾರೂ ನಮ್ಮದಲ್ಲ ಎಂದರೆ ಆಗ ಠಾಣೆಗೆ ತಿಳಿಸಿ.

ಆ ಬಾಣವನ್ನು ನೆನಪಿಟ್ಟುಕೊಳ್ಳಿ. ಯಾರು ಬಂದರು, ಯಾವಾಗ ಬಂದರು, ಯಾವ ದಿಕ್ಕಿಗೆ ಹೋದರು ಎಂಬ ಮೂರು ಸಂಗತಿಗಳು ನಿಮ್ಮ ಗೋಡೆಯ ಮೇಲೆ ಇವೆ. ಹೋಬೋಗಳ ಬಗ್ಗೆ ನಾನು ಹೇಳಬೇಕೆಂದಿರುವುದೂ ಈ ಮೂರರ ಸುತ್ತಲೇ ಇದೆ.

ಹೋಬೋ ಎಂಬ ಪದಕ್ಕೆ ನಾವು ಸಲೀಸಾಗಿ ‘ಅಲೆಮಾರಿ’ ಎಂದುಬಿಡುತ್ತೇವೆ. ಅದು ಸರಿಹೋಗುವುದಿಲ್ಲ. ಅಮೆರಿಕದಲ್ಲಿ ಅವರೇ ಮಾಡಿಕೊಂಡ ಒಂದು ಲೆಕ್ಕಾಚಾರವಿತ್ತು: ಕೆಲಸ ಹುಡುಕಿಕೊಂಡು ಅಲೆಯುವವನು ಹೋಬೋ, ಕೆಲಸ ಮಾಡದೆ ಅಲೆಯುವವನು ಟ್ರಾಂಪ್, ಕೆಲಸವೂ ಮಾಡದೆ ಅಲೆಯದೆಯೂ ಇರುವವನು ಬಮ್. ಹೋಬೋ ಎನಿಸಿಕೊಂಡವನಿಗೆ ಟ್ರಾಂಪ್ ಎಂದರೆ ಅವಮಾನ. ನಮ್ಮ ಮಾತಿನಲ್ಲಿ ಹೋಬೋಗೆ ಹತ್ತಿರದ ಪದ ಬೇಕಾದರೆ ‘ಗುಳೆ ಹೋದವನು’ ಎನ್ನಬೇಕು. ಕೊಯ್ಲಿನ ಹೊತ್ತಿಗೆ ಕಾನ್ಸಾಸ್, ಡಕೋಟಾದ ಗೋಧಿ ಹೊಲಗಳು, ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆ ಕೊಯ್ಯುವುದು, ಕಾಡಿನಲ್ಲಿ ಮರ ಬೀಳಿಸುವುದು, ಹೊಸ ಹಳಿ ಹಾಸುವುದು. 1865ರಲ್ಲಿ ಅಂತರ್ಯುದ್ಧ ಮುಗಿದು ಸಾವಿರಾರು ಸೈನಿಕರು ಬಿಡುವಾದರು. 1869ರಲ್ಲಿ ಪೂರ್ವ ಪಶ್ಚಿಮಗಳನ್ನು ಕೂಡಿಸುವ ರೈಲು ಮಾರ್ಗ ಸಿದ್ಧವಾಯಿತು. 1873ರಲ್ಲಿ, ಮತ್ತೆ 1893ರಲ್ಲಿ ಹಣಕಾಸು ವ್ಯವಹಾರ ಕುಸಿದು ಕೆಲಸಗಳು ಹೋದವು. ಕೆಲಸ ಒಂದು ಕಡೆ, ಕೈಗಳು ಇನ್ನೊಂದು ಕಡೆ, ನಡುವೆ ಗೂಡ್ಸ್ ಗಾಡಿ, ಟಿಕೆಟ್ಟಿಗೆ ಕಾಸಿಲ್ಲ. ಖಾಲಿ ವ್ಯಾಗನ್ನಿನೊಳಗೆ, ಅದರ ಛಾವಣಿಯ ಮೇಲೆ, ಕೆಲವೊಮ್ಮೆ ಅಡಿಯ ಸರಳುಗಳ ಮೇಲೆ ಮಲಗಿ ಹೋಗುತ್ತಿದ್ದರು. ಕೈ ಜಾರಿದವರು ಹಳಿಯ ಮೇಲೇ ಸತ್ತರು. ರೈಲ್ವೆ ಕಂಪನಿಗಳ ಕಾವಲುಗಾರರ ದೊಣ್ಣೆ ಬೇರೆ. 1929ರ ಮಹಾಕುಸಿತದ ನಂತರ, 1933ರ ಹೊತ್ತಿಗೆ, ಅಲ್ಲಿ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಹದಿಹರೆಯದ ಹುಡುಗ ಹುಡುಗಿಯರೂ ಗಾಡಿ ಹತ್ತಿದರು.

ಇವರು ಬರೆದಿಟ್ಟ ಗುರುತುಗಳಲ್ಲಿ ಅನುಮಾನವೇ ಇಲ್ಲದೆ ನಿಜವೆಂದು ಹೇಳಬಹುದಾದದ್ದು ಒಂದು: ಅವರ ಹೆಸರು. ಹುಟ್ಟು ಹೆಸರಲ್ಲ, ದಾರಿಯಲ್ಲಿ ಕಟ್ಟಿಕೊಂಡ ಹೆಸರು. ಅದನ್ನು ಅವರು ‘ಮಾನಿಕರ್’ ಅಥವಾ ‘ಮಾನಿಕ’ ಎನ್ನುತ್ತಿದ್ದರು. ಉಗಿಬಂಡಿಗೆ ದಾರಿಯುದ್ದಕ್ಕೂ ನೀರು ಕುಡಿಸಬೇಕಿತ್ತಲ್ಲ, ಅದಕ್ಕಾಗಿ ಹಳಿಯ ಪಕ್ಕ ಎತ್ತರದ ಮರದ ಟ್ಯಾಂಕುಗಳು. ಬಂಡಿ ನಿಲ್ಲುವುದು ಅಲ್ಲಿ, ಹೋಬೋ ಹತ್ತುವುದು ಇಳಿಯುವುದು ಅಲ್ಲಿ, ಮುಂದಿನ ಗಾಡಿಗೆ ಗಂಟೆಗಟ್ಟಲೆ ಕಾಯುವುದೂ ಅಲ್ಲಿ. ಕಾಯುವವನ ಜೇಬಿನಲ್ಲಿ ಚಾಕು ಇದ್ದೇ ಇರುತ್ತದೆ. ಟ್ಯಾಂಕಿನ ಮರದ ಕಂಬದಲ್ಲಿ ತನ್ನ ಮಾನಿಕ, ತಾರೀಕು, ಪೂರ್ವಕ್ಕೋ ಪಶ್ಚಿಮಕ್ಕೋ ಎಂಬ ದಿಕ್ಕು ಕೊರೆದು ಹೋಗುತ್ತಿದ್ದ. ಹಿಂದಿನಿಂದ ಬಂದ ಗೆಳೆಯ ಅದನ್ನು ಓದಿ, ಓಹೋ ಇವನು ಮೂರು ದಿನದ ಹಿಂದೆ ಇಲ್ಲಿದ್ದ, ಪಶ್ಚಿಮಕ್ಕೆ ಹೋಗಿದ್ದಾನೆ ಎಂದು ತಿಳಿಯುತ್ತಿದ್ದ. ವಿಳಾಸವಿಲ್ಲದವರಿಗೆ ಅದೇ ಅಂಚೆ.

ಇದು ಊಹೆಯಲ್ಲ ಎನ್ನಲು ಒಳ್ಳೆಯ ಸಾಕ್ಷಿಯಿದೆ. ಮುಂದೆ ದೊಡ್ಡ ಕಾದಂಬರಿಕಾರನಾದ ಜ್ಯಾಕ್ ಲಂಡನ್ 1894ರಲ್ಲಿ, ಹದಿನೆಂಟರ ಹರೆಯದಲ್ಲಿ, ಹೀಗೇ ಅಲೆದವನು. ಅಲೆಮಾರಿತನದ ಆರೋಪದ ಮೇಲೆ ನ್ಯೂಯಾರ್ಕ್ ರಾಜ್ಯದಲ್ಲಿ ಮೂವತ್ತು ದಿನ ಜೈಲಿನಲ್ಲಿಯೂ ಇದ್ದ. ಆ ದಿನಗಳನ್ನು 1907ರ ‘ದ ರೋಡ್’ ಪುಸ್ತಕದಲ್ಲಿ ಬರೆದಿದ್ದಾನೆ. ಅವನ ಮಾನಿಕ ‘ಸೇಲರ್ ಜ್ಯಾಕ್’. ಕೆನಡಾದಲ್ಲಿ ಪಶ್ಚಿಮಕ್ಕೆ ಹೊರಟಿದ್ದಾಗ ಒಂದು ಟ್ಯಾಂಕಿನ ಮೇಲೆ ಆಗಷ್ಟೇ ಕೊರೆದ ಇನ್ನೊಂದು ಹೆಸರು ಕಂಡಿತು: ‘ಸ್ಕೈಸೇಲ್ ಜ್ಯಾಕ್’. ಹೆಸರಿನಲ್ಲೇ ಹಡಗಿನ ಪಟ, ಅಂದರೆ ಅವನೂ ಸಮುದ್ರ ಕಂಡವನು. ದಿಕ್ಕು ಪಶ್ಚಿಮ. ಲಂಡನ್‌ಗೆ ಅವನನ್ನು ಕಾಣಲೇಬೇಕು ಎನ್ನಿಸಿತು. ಟ್ಯಾಂಕಿನಿಂದ ಟ್ಯಾಂಕಿಗೆ ಆ ಹೆಸರು, ಆ ತಾರೀಕು ಹುಡುಕುತ್ತ ಕೆನಡಾದ ಅಗಲಕ್ಕೂ ಬೆನ್ನು ಹತ್ತಿದ. ಒಮ್ಮೆ ಇವನು ಹಿಂದೆ, ಒಮ್ಮೆ ಗೊತ್ತಿಲ್ಲದೆಯೇ ಇವನೇ ಮುಂದೆ. ವ್ಯಾಂಕೂವರ್ ಬಂದರು ಮುಟ್ಟಿ ವಿಚಾರಿಸಿದರೆ ಸ್ಕೈಸೇಲ್ ಜ್ಯಾಕ್ ಹಡಗು ಹತ್ತಿ ಹೋಗಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ನನಗೆ ಈ ಪ್ರಸಂಗ ಎಷ್ಟು ಸಲ ಓದಿದರೂ ಹಳತಾಗಿಲ್ಲ. ಮುಖವಿಲ್ಲ, ಊರಿಲ್ಲ, ನಿಜವಾದ ಹೆಸರೂ ಇಲ್ಲ. ಮರದಲ್ಲಿ ಕೊರೆದ ನಾಲ್ಕು ಗೆರೆಯನ್ನು ನಂಬಿ ಒಬ್ಬ ಹುಡುಗ ಒಂದು ಖಂಡವನ್ನೇ ದಾಟಿದ.

ಆ ಮರದ ಟ್ಯಾಂಕುಗಳು ಈಗಿಲ್ಲ, ಉಗಿಬಂಡಿಯ ಜೊತೆಗೇ ಹೋದವು. ಆದರೆ 2000ದಲ್ಲಿ ಸೂಸನ್ ಫಿಲಿಪ್ಸ್ ಎಂಬ ಮಾನವಶಾಸ್ತ್ರಜ್ಞೆಗೆ ಲಾಸ್ ಏಂಜಲೀಸ್ ನದಿಯ ಒಂದು ಸೇತುವೆಯಡಿ ಹಳೆಯ ಬರಹಗಳು ಕಂಡವು. ಬಿಸಿಲು ಮಳೆ ತಾಗದ ಜಾಗ. ‘ಓಕ್‌ಲ್ಯಾಂಡ್ ರೆಡ್’, ‘ಟೂಸಾನ್ ಕಿಡ್’, ‘ಕಿಡ್ ಬಿಲ್’ ಎಂಬ ಮಾನಿಕಗಳು, 1914ರ ತಾರೀಕುಗಳು, ಬಾಣಗಳು. ಅವುಗಳ ನಡುವೆ ‘ಎ ನಂಬರ್ ಒನ್’ ಎಂಬ ಹೆಸರು. ಹೋಬೋಗಳಲ್ಲೆಲ್ಲ ಅತಿ ಪ್ರಸಿದ್ಧನಾದ ಲಿಯಾನ್ ರೇ ಲಿವಿಂಗ್‌ಸ್ಟನ್‌ನ ಮಾನಿಕ ಅದು. ಹೆಸರು, ತಾರೀಕು, ದಿಕ್ಕು. ಇಲ್ಲೂ ಬೆಕ್ಕಿಲ್ಲ, ಶಿಲುಬೆಯಿಲ್ಲ.

ಈಗ ನಿಮ್ಮ ಮಗಳ ಚಾರ್ಟಿಗೆ ಬರುತ್ತೇನೆ. ಬೆಕ್ಕು, ಶಿಲುಬೆ, ಎತ್ತರದ ಟೊಪ್ಪಿ ಅಂದರೆ ದೊಡ್ಡ ಮನುಷ್ಯನ ಮನೆ, ಕೊಂಡಿ ಹಾಕಿಕೊಂಡ ಎರಡು ವೃತ್ತ ಅಂದರೆ ಕೈಕೋಳ, ವೃತ್ತದಿಂದ ಹೊರಬಿದ್ದ ಎರಡು ಬಾಣ ಅಂದರೆ ಬೇಗ ಜಾಗ ಖಾಲಿ ಮಾಡು. ಈ ಪಟ್ಟಿ ಅವಳು ಕಟ್ಟಿದ್ದಲ್ಲ, ಇಂಟರ್‌ನೆಟ್ಟಿನ ತುಂಬ ಇದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಗೂಢಲಿಪಿ ಮ್ಯೂಸಿಯಮ್ಮಿನಲ್ಲಿಯೂ ಹೋಬೋ ಚಿಹ್ನೆಗಳ ಪ್ರದರ್ಶನವಿದೆ. ವಿನ್ಯಾಸಕಾರ ಹೆನ್ರಿ ಡ್ರೇಫಸ್ 1972ರಲ್ಲಿ ಪ್ರಕಟಿಸಿದ ಚಿಹ್ನೆಗಳ ದೊಡ್ಡ ಕೋಶದಲ್ಲಿ ಇವು ಸೇರಿದ ಮೇಲಂತೂ ಎಲ್ಲ ಕಡೆ ಹರಡಿದವು. ಆ ಕೋಶದ ಗೆರೆಗಳು ಎಷ್ಟು ಅಚ್ಚುಕಟ್ಟೆಂದರೆ ನೋಡಿದವರು ನಂಬದಿರುವುದು ಕಷ್ಟ.

ಹಿಂದಕ್ಕೆ ಹೋಗಿ ಬೇರು ಹುಡುಕಿದರೆ ಮಾತ್ರ ಪ್ರತಿ ಸಲವೂ ಸಿಗುವುದು ಬೇಲಿಯಲ್ಲ, ಕಾಗದ. ಇಂಗ್ಲೆಂಡಿನ ಲಂಡನ್ ನಗರದಲ್ಲಿ 1859ರಲ್ಲಿ ಜಾನ್ ಕ್ಯಾಮ್ಡನ್ ಹಾಟನ್ ಎಂಬಾತ ಬೀದಿಮಾತಿನ ನಿಘಂಟೊಂದನ್ನು ಪ್ರಕಟಿಸಿದ. ಭಿಕ್ಷುಕರು ಮನೆಗಳ ಮೇಲೆ ಹಾಕುವ ಗುರುತುಗಳು ಎಂದು ಅದರಲ್ಲಿ ಕೆಲವನ್ನು ಕೊಟ್ಟಿದ್ದಾನೆ. ನಡುವೆ ಚುಕ್ಕೆಯಿರುವ ವೃತ್ತ ಅಂದರೆ ಒಂದು ತಿಂಗಳ ಜೈಲು ಖಂಡಿತ. ಚೌಕ ಅಂದರೆ ಹಿಡಿಸಿಕೊಡುತ್ತಾರೆ, ನಾಯಿಯೂ ಇದೆ. ತಲೆಕೆಳಗಾದ ತ್ರಿಕೋನ ಅಂದರೆ ತುಂಬ ಜನ ಬಂದು ಬಂದು ಕೆಟ್ಟುಹೋದ ಮನೆ. ಅಮೆರಿಕದ ಪತ್ರಿಕೆಗಳು 1870ರ ದಶಕದಿಂದ ಇಂಥದ್ದೇ ಪಟ್ಟಿಗಳನ್ನು ಅಚ್ಚು ಹಾಕಿದವು. ಅದು ಊರಿನವರು ಹೊಸಬರನ್ನು ಕಂಡು ಬೆಚ್ಚುತ್ತಿದ್ದ ಕಾಲ, ಪಟ್ಟಿಗೆ ಓದುಗರಿದ್ದರು. ಆಮೇಲೆ ‘ಎ ನಂಬರ್ ಒನ್’ ತಾನೇ ಪುಸ್ತಕಗಳನ್ನು ಅಚ್ಚು ಹಾಕಿಸಿ ಮಾರಿದ, ಸುಮಾರು ಒಂದು ಡಜನ್. ಅವುಗಳಲ್ಲಿ ಚಿಹ್ನೆಗಳ ಪಟ್ಟಿಯೂ ಬಂತು. ಮನೆ ಬಿಟ್ಟು ಓಡಬೇಡಿ ಎಂದು ಹುಡುಗರಿಗೆ ಬುದ್ಧಿ ಹೇಳುವ ಪುಸ್ತಕಗಳವು, ಜೊತೆಗೆ ಅವನ ಹೊಟ್ಟೆಪಾಡು. ಅವನನ್ನು ನಾನು ಸುಳ್ಳುಗಾರ ಎನ್ನುವುದಿಲ್ಲ. ಆದರೆ ಊರಿನವರು ಕೇಳಬಯಸುವ ಕತೆ ಯಾವುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಾಗದದ ಮೇಲೆ ಇಷ್ಟೆಲ್ಲ ಸಿಕ್ಕರೂ, ಹೋಬೋ ಒಬ್ಬ ಹಾಕಿದ ಬೆಕ್ಕು ಯಾವುದಾದರೂ ಬೇಲಿಯ ಮೇಲೆ ಇರುವ, ಕಾಲ ಗೊತ್ತಿರುವ ಫೋಟೊ ಬೇಕೆಂದು ಹೊರಟರೆ ಕೈ ಖಾಲಿಯಾಗುತ್ತದೆ. ಮಹಾಕುಸಿತದ ವರ್ಷಗಳಲ್ಲಿ ಸರ್ಕಾರವೇ ಕ್ಯಾಮೆರಾ ಕೊಟ್ಟು ಛಾಯಾಗ್ರಾಹಕರನ್ನು ಹಳ್ಳಿ ಹಳ್ಳಿಗೆ ಕಳಿಸಿದ ದೇಶ ಅದು. ‘ಸೀಮೆಸುಣ್ಣ ಮಳೆಗೆ ತೊಳೆದು ಹೋಗಿರಬಹುದು’ ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ ಅದೇ ಕಾರಣಕ್ಕೆ, ಎರಡು ಮಳೆಗೆ ನಿಲ್ಲದ ಗುರುತನ್ನು ನೆಚ್ಚಿ ಯಾರು ದಾರಿ ಹಿಡಿದಾರು?

ಇನ್ನೂ ಮೂಲಭೂತವಾದ ಒಂದು ಕಾರಣಕ್ಕೆ ನನಗೆ ಈ ಪಟ್ಟಿಯ ಮೇಲೆ ಅನುಮಾನ. ಹೋಬೋಗಳಿಗೆ ಓದು ಬರುತ್ತಿರಲಿಲ್ಲ, ಅದಕ್ಕೇ ಚಿತ್ರ ಬಳಸಿದರು ಎನ್ನುವುದು ಸಾಮಾನ್ಯ ವಿವರಣೆ. 1930ರ ಜನಗಣತಿಯಲ್ಲಿ ಅಮೆರಿಕದಲ್ಲಿ ಅಕ್ಷರ ಬಾರದವರು ನೂರಕ್ಕೆ ಐದಕ್ಕಿಂತ ಕಡಿಮೆ. ಹೋಬೋಗಳಿಗೆಂದೇ ‘ಹೋಬೋ ನ್ಯೂಸ್’ ಎಂಬ ಪತ್ರಿಕೆಯಿತ್ತು, ಅದನ್ನು ಬೀದಿಯಲ್ಲಿ ಮಾರುತ್ತಿದ್ದವರೂ ಅವರೇ. ಷಿಕಾಗೊದಲ್ಲಿ ‘ಹೋಬೋ ಕಾಲೇಜು’ ಎಂದು ಭಾಷಣ, ಚರ್ಚೆ ನಡೆಯುತ್ತಿತ್ತು. 1905ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಐಡಬ್ಲ್ಯುಡಬ್ಲ್ಯು ಎಂಬ ಕಾರ್ಮಿಕ ಸಂಘಟನೆಯ ಕೆಂಪು ಕಾರ್ಡು ಜೇಬಿನಲ್ಲಿಟ್ಟುಕೊಂಡ ಹೋಬೋಗಳು ಎಷ್ಟೋ ಮಂದಿ. ಇವರನ್ನು ಅಕ್ಷರವಿಲ್ಲದ, ಗುಟ್ಟಿನ ಗೆರೆ ಎಳೆಯುವ ಜನ ಎಂದು ಚಿತ್ರಿಸುವುದು ಅವರಿಗೆ ಮಾಡುವ ಅನ್ಯಾಯ.

ಹೊಟ್ಟೆಯ ಲೆಕ್ಕದಿಂದ ನೋಡಿದರೂ ಅಷ್ಟೆ. ಊಟ ಹಾಕುವ ತಾಯಿ ಸಿಕ್ಕಿದ್ದಾಳೆ. ಆ ಮನೆಯ ಬೇಲಿಗೆ ಗುರುತು ಹಾಕಿದರೆ ನಾಳೆ ಹತ್ತು ಜನ, ನಾಡಿದ್ದು ಇಪ್ಪತ್ತು, ಆಮೇಲೆ ಬಾಗಿಲೇ ತೆರೆಯುವುದಿಲ್ಲ. ಹಾಟನ್ ಕೊಟ್ಟ ‘ಕೆಟ್ಟುಹೋದ ಮನೆ’ಯ ತ್ರಿಕೋನದಲ್ಲೇ ಈ ಎಚ್ಚರವಿದೆ. ಸುದ್ದಿ ದಾಟಿಸಲು ಅವರಿಗೆ ಬೇರೆ ಜಾಗವಿತ್ತು. ರೈಲು ಯಾರ್ಡಿನ ಹೊರಗೆ, ನೀರಿನ ಹತ್ತಿರ, ಮರಗಳ ಮರೆಯಲ್ಲಿ ಬಿಡಾರ. ಅದನ್ನು ಅವರು ‘ಜಂಗಲ್’ ಎನ್ನುತ್ತಿದ್ದರು. ಯಾರೋ ತಂದ ಆಲೂಗಡ್ಡೆ, ಇನ್ಯಾರೋ ತಂದ ಮೂಳೆ, ಈರುಳ್ಳಿ ಎಲ್ಲ ಒಂದೇ ಡಬ್ಬಿಯಲ್ಲಿ ಬೇಯುತ್ತಿತ್ತು. ಉಂಡ ಮೇಲೆ ಪಾತ್ರೆ ತೊಳೆದು ಮುಂದಿನವರಿಗೆಂದು ಮಗುಚಿ ಇಟ್ಟು ಹೋಗುವುದು ಅಲ್ಲಿಯ ಕಟ್ಟಳೆ. ಆ ಬೆಂಕಿಯ ಸುತ್ತ ಕೂತಾಗ ಯಾವ ಊರಿನ ಪೊಲೀಸ್ ಕೆಟ್ಟವನು, ಯಾವ ಬೀದಿಯಲ್ಲಿ ನಾಯಿ, ಯಾವ ಹೊಲದಲ್ಲಿ ಕೂಲಿ ಜಾಸ್ತಿ ಎಂಬುದೆಲ್ಲ ಬಾಯಿಮಾತಿನಲ್ಲಿ ದಾಟುತ್ತಿತ್ತು.

ಹಾಗಾದರೆ ‘ನಮ್ಮಜ್ಜಿಯ ಮನೆಗೇ ಹೋಬೋಗಳು ಬರುತ್ತಿದ್ದರು, ಗೇಟಿನಲ್ಲಿ ಗುರುತಿತ್ತಂತೆ’ ಎಂದು ಹೇಳುವ ಅಮೆರಿಕದ ಮನೆಮನೆ ಕತೆಗಳು? ಅಜ್ಜಿ ಊಟ ಹಾಕಿದ್ದು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ. ಹಳಿಗೆ ಹತ್ತಿರದ, ಹೊಗೆಯಾಡುವ ಮನೆಗೆ ಹಸಿದವರು ಬರಲು ಗುರುತು ಬೇಕಿರಲಿಲ್ಲ. ಎಲ್ಲೋ ಕೆಲವರು ಒಂದು ಶಿಲುಬೆ, ಒಂದು ಗೀಟು ಹಾಕಿರಲೂ ಬಹುದು. ದೇಶದ ಉದ್ದಗಲಕ್ಕೂ ಎಲ್ಲರಿಗೂ ಗೊತ್ತಿದ್ದ ನಲವತ್ತು ಐವತ್ತು ಚಿಹ್ನೆಗಳ ಭಾಷೆಯಿತ್ತು ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗುರುತು ಹಾಕುವ ಚಟ ಹೋಬೋಗಳ ಜೊತೆಗೆ ರೈಲ್ವೆ ನೌಕರರಿಗೂ ಇತ್ತು. ಸೇಂಟ್ ಲೂಯಿಸ್‌ನ ಹರ್ಬರ್ಟ್ ಮೇಯರ್ ಎಂಬ ನೌಕರ ತೆಂಗಿನಂಥ ಮರದಡಿ ಟೊಪ್ಪಿ ಮುಚ್ಚಿಕೊಂಡು ಮಲಗಿದವನ ಚಿತ್ರವನ್ನು ದಶಕಗಟ್ಟಲೆ ವ್ಯಾಗನ್ನುಗಳ ಮೇಲೆ ಬರೆದ. ಅದರ ಕೆಳಗೂ ಹೆಸರು, ‘ಹರ್ಬಿ’.

ವಾಟ್ಸಾಪ್ ಪಟ್ಟಿಯ ವಂಶ ಇದಕ್ಕಿಂತ ಹಳೆಯದು, ಅದನ್ನೂ ಹೇಳಿಬಿಡಬೇಕು. 1540ರಲ್ಲಿ ಜರ್ಮನಿಯ ಊರುಗಳಲ್ಲಿ ಒಂದರ ಮೇಲೊಂದು ಬೆಂಕಿ ಅನಾಹುತ. ಐನ್‌ಬೆಕ್ ಪಟ್ಟಣ ಬಹುಪಾಲು ಸುಟ್ಟುಹೋಯಿತು, ಕುರಿ ಕಾಯುವವನೊಬ್ಬನನ್ನು ಹಿಡಿದು ಕೊಂದರು. ಅದೇ ವರ್ಷ ಒಂದು ಕಿರುಹೊತ್ತಿಗೆ ಅಚ್ಚಾಯಿತು: ಬೆಂಕಿ ಹಚ್ಚುವ ಅಲೆಮಾರಿಗಳು ಮನೆಗಳ ಮೇಲೆ ಹಾಕುವ ಗುರುತುಗಳು ಇವು, ನೋಡಿಕೊಳ್ಳಿ ಎಂದು. ಬಾಣಗಳು, ಶಿಲುಬೆಗಳು, ಗೀಟುಗಳು. ಮರದ ಅಚ್ಚಿನ ಆ ಹಾಳೆಯನ್ನೂ ನಿಮ್ಮ ಗ್ರೂಪಿನ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸುಮಾರು ಐನೂರು ವರ್ಷ ಕಳೆದಿದೆ ಎಂದು ಅನ್ನಿಸುವುದಿಲ್ಲ. ಊರಿಗೆ ಸಂಕಟ ಬಂದಾಗ ಗೋಡೆಯ ಮೇಲಿನ ಪ್ರತಿ ಗೀಚೂ ಹೊಸಬನ ಕೈಬರಹವಾಗಿ ಕಾಣುತ್ತದೆ.

ನಾನು ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಅದೇ ರೀತಿ ಸತ್ತರು. ಎರಡರ ಹಿಂದೆಯೂ ಫೋನಿನಿಂದ ಫೋನಿಗೆ ಓಡಿದ ಮೆಸೇಜುಗಳಿದ್ದವು. ಹಾಗಾಗಿ ಆ ‘ಕಳ್ಳರ ಸಂಕೇತ’ದ ಪಟ್ಟಿಯನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಸಾಧ್ಯವಾದರೆ ‘ಪಿ’ ಅಂದರೆ ಏನು ಎಂದು ಅದೇ ಗ್ರೂಪಿನಲ್ಲಿ ಬರೆಯಿರಿ. ನಿಮ್ಮ ಬೀದಿಯಲ್ಲಿ ಹಾಸಿಗೆ ಹೊಲಿಯುವವನೋ ಕತ್ತಿ ಸಾಣೆ ಹಿಡಿಯುವವನೋ ನಾಳೆ ಬಂದಾನು.

ಮಗಳ ಚಾರ್ಟನ್ನು ಹರಿಯಬೇಕಿಲ್ಲ. ಎರಡು ಭಾಗ ಮಾಡಲು ಹೇಳಿ. ಒಂದು ಕಡೆ ಈಗಿರುವ ಚಿಹ್ನೆಗಳು, ಮೇಲೆ ‘ಪುಸ್ತಕ, ಪತ್ರಿಕೆಗಳಲ್ಲಿ ಬಂದದ್ದು’ ಎಂದು ತಲೆಬರಹ. ಇನ್ನೊಂದು ಕಡೆ ‘ಹೋಬೋಗಳು ಬರೆದದ್ದು’ ಎಂದು ಬರೆದು, ನೀರಿನ ಟ್ಯಾಂಕಿನ ಚಿತ್ರ ಹಾಕಿ, ಅದರ ಕಂಬದ ಮೇಲೆ ಸ್ಕೈಸೇಲ್ ಜ್ಯಾಕ್, 1894, ಪಶ್ಚಿಮ ಎಂದು ಕೊರೆಯಲಿ. ಐಯೋವಾ ರಾಜ್ಯದ ಬ್ರಿಟ್ ಎಂಬ ಪುಟ್ಟ ಊರಿನಲ್ಲಿ 1900ರಲ್ಲಿ ಮೊದಲು ಸೇರಿದ ಹೋಬೋಗಳ ಸಮ್ಮೇಳನ ಈಗಲೂ ನಡೆಯುತ್ತದೆ, ಅಲ್ಲೊಂದು ಹೋಬೋ ಮ್ಯೂಸಿಯಂ ಇದೆ, ದಾರಿಯಲ್ಲಿ ತೀರಿಕೊಂಡವರಿಗಾಗಿ ಸ್ಮಶಾನವೂ ಇದೆ. ಅದನ್ನೂ ಸೇರಿಸಬಹುದು.

ಇನ್ನೊಂದು ಸಲಹೆ, ಇದು ನನ್ನ ಸ್ವಂತದ ಆಸೆ ಎಂದೇ ತಿಳಿಯಿರಿ. ನೀವಿರುವುದು ಹಾಸನದಲ್ಲಿ. ಶ್ರವಣಬೆಳಗೊಳಕ್ಕೆ ಹೋದವರೆಲ್ಲ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿಯುತ್ತಾರೆ. ಎದುರಿನ ಚಿಕ್ಕಬೆಟ್ಟಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಅಲ್ಲಿಯ ಬಂಡೆಗಳ ಮೇಲೆ ರಾಜರ ಶಾಸನಗಳ ನಡುವೆ ಬರೀ ಹೆಸರುಗಳಿವೆ. ಸಾವಿರ ವರ್ಷದ ಹಿಂದೆ ಯಾತ್ರೆ ಬಂದವರು, ಬಂದೆವು ಎನ್ನಲು ಬಿಟ್ಟುಹೋದ ಹೆಸರು. ಅವುಗಳಲ್ಲಿ ಒಂದು ‘ಶ್ರೀ ಕವಿರತ್ನ’. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿ, ಓದು ಹುಡುಕಿಕೊಂಡು ತೆಂಕಣಕ್ಕೆ ನಡೆದುಬಂದ ರನ್ನ ತಾನೇ ಕೆತ್ತಿದ ಅಕ್ಷರ ಅದು ಎಂದು ವಿದ್ವಾಂಸರು ನಂಬುತ್ತಾರೆ, ನಾನೂ ನಂಬುತ್ತೇನೆ. ಮಧ್ಯಾಹ್ನ ಹೋದರೆ ನೆತ್ತಿಯ ಬಿಸಿಲಿಗೆ ಗೆರೆಗಳು ಕಲ್ಲಿನೊಳಗೇ ಮುಚ್ಚಿಹೋಗುತ್ತವೆ. ಬೆಳಿಗ್ಗೆ ಬೇಗ ಹತ್ತಿ. ಬಿಸಿಲು ಓರೆಯಾಗಿ ಬೀಳುವ ಆ ಅರ್ಧ ಗಂಟೆ ಒಂದೊಂದು ಅಕ್ಷರದಲ್ಲೂ ನೆರಳು ತುಂಬಿ ಎದ್ದು ಕಾಣುತ್ತದೆ. ಬಂಡೆಯ ಮೇಲೆ ಕಾಲಿಡದೆ, ನೀರು ಚೆಲ್ಲದೆ, ಪಕ್ಕದಲ್ಲಿ ಕೂತು ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ನೋಡಿ ಬರೆದುಕೊಳ್ಳಲಿ.